ಪ್ರೋಟೀನುಗಳ ಆಯುಸ್ಸು ಮತ್ತು ಜೀರ್ಣಾಂಗಗಳ ಕ್ಯಾನ್ಸರ್

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಪರದೆಯ ಮೇಲಿನ ಚಿತ್ರಗಳನ್ನು ನೋಡಿದರಷ್ಟೇ ಅರ್ಥವಾಗುವ ಮಾತುಗಳನ್ನು ಬಿಟ್ಟಿದ್ದೇನೆ. ಕೊನೆಯ ಪ್ರಶ್ನೋತ್ತರದಿಂದ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿದ್ದೀರಿ, ಜೀವರಸಾಯನ ಓದುತ್ತಿರುವವರಿದ್ದೀರಿ, ಮನೆಯಲ್ಲಿ ಯಾರಿಗೋ ಈ ಕಾಯಿಲೆ ಬಂದಿದೆ ಎಂಬ ಕಾರಣಕ್ಕೆ ಬಂದು ಕುಳಿತವರೂ ಇದ್ದೀರಿ. ಓದುವವರಿಗೆ ನನ್ನ ಕೆಲವು ಮಾತು ತೀರಾ ಸರಳವೆನಿಸಬಹುದು, ಸಹಿಸಿಕೊಳ್ಳಿ. ಮನೆಯವರು ನಾಳೆ ಒಂದು ವರದಿಯನ್ನು ಕೈಯಲ್ಲಿ ಹಿಡಿದು ವೈದ್ಯರ ಮುಂದೆ ಕೂರಬೇಕಾಗುತ್ತದೆ. ಈ ಮಾತನ್ನು ಅವರನ್ನು ನೆನೆದೇ ಸಿದ್ಧಪಡಿಸಿದ್ದೇನೆ.

ಜೀರ್ಣಾಂಗಗಳ ಕ್ಯಾನ್ಸರ್ ಎಂದರೆ ಒಂದು ಕಾಯಿಲೆಯಲ್ಲ. ಅನ್ನನಾಳ, ಜಠರ, ದೊಡ್ಡ ಕರುಳು, ಗುದನಾಳ, ಯಕೃತ್ತು, ಪಿತ್ತಕೋಶ, ಪಿತ್ತನಾಳ, ಮೇದೋಜ್ಜೀರಕ ಗ್ರಂಥಿ ಇವುಗಳಲ್ಲಿ ಒಂದೊಂದರ ಕ್ಯಾನ್ಸರ್‌ಗೂ ಅದರದೇ ಸ್ವಭಾವವಿದೆ, ಅದರದೇ ಭೂಗೋಳವೂ ಇದೆ. ನಮ್ಮ ದೇಶದಲ್ಲೇ ನೋಡಿ. ಜಠರದ ಕ್ಯಾನ್ಸರ್ ಮಿಜೋರಾಂನಲ್ಲಿ ವಿಪರೀತ. ಪಿತ್ತಕೋಶದ್ದು ಗಂಗಾ ಬಯಲಿನಲ್ಲಿ ಹೆಚ್ಚು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ನಡೆದುಬಂದಿರುವ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಜಠರ ಮತ್ತು ಅನ್ನನಾಳದ ಕ್ಯಾನ್ಸರ್‌ಗಳು ಬಹುಕಾಲ ಮೇಲಿನ ಸಾಲಿನಲ್ಲೇ ಇದ್ದವು. ಇಷ್ಟೊಂದು ಬಗೆಯ ಕಾಯಿಲೆಗಳನ್ನು ಒಂದೇ ಉಪನ್ಯಾಸದಲ್ಲಿ ಕಟ್ಟಿಹಾಕಲು ನಾನು ಆರಿಸಿಕೊಂಡಿರುವ ಎಳೆ ಇದು: ಕೋಶದೊಳಗೆ ಒಂದು ಪ್ರೋಟೀನು ಎಷ್ಟು ಹೊತ್ತು ಬದುಕಿರಬೇಕು ಎಂಬುದನ್ನು ನಿರ್ಧರಿಸುವ ಕಿಣ್ವಗಳು. ಆ ಲೆಕ್ಕ ತಪ್ಪಿದಾಗ ಕ್ಯಾನ್ಸರ್ ಹೇಗೆ ಹುಟ್ಟುತ್ತದೆ, ತಪ್ಪಿದ ಲೆಕ್ಕವನ್ನು ಸ್ಲೈಡಿನ ಮೇಲೆ ಹೇಗೆ ಓದುತ್ತಾರೆ, ಔಷಧಿಯಿಂದ ಅದನ್ನು ಸರಿಪಡಿಸಲು ಏಕೆ ಇಷ್ಟು ಕಷ್ಟವಾಗುತ್ತಿದೆ ಎಂಬ ಮೂರು ಪ್ರಶ್ನೆಗಳು ಇಲ್ಲಿ ಒಂದರ ಬೆನ್ನಿಗೆ ಒಂದು ಬರುತ್ತವೆ.

ಕೋಶವು ಪ್ರೋಟೀನನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಶಾಲೆಯಲ್ಲೇ ಓದುತ್ತೇವೆ: ಡಿಎನ್‌ಎ, ಆರ್‌ಎನ್‌ಎ, ರೈಬೋಸೋಮ್. ಕಟ್ಟಿದ್ದನ್ನು ಹೇಗೆ ಕೆಡವುತ್ತದೆ ಎಂಬುದನ್ನು ಬಹುಕಾಲ ಯಾರೂ ಗಂಭೀರವಾಗಿ ಕೇಳಿರಲಿಲ್ಲ. ಕೆಡವುವುದರಲ್ಲಿ ಏನಿದೆ, ತಾನಾಗಿಯೇ ಆಗುತ್ತದೆ ಎಂಬ ಉದಾಸೀನ. ಆದರೆ 1950ರ ದಶಕದಲ್ಲೇ ಒಂದು ವಿಚಿತ್ರ ಸಂಗತಿ ಕಂಡಿತ್ತು. ಕೋಶದೊಳಗೆ ಪ್ರೋಟೀನು ಕರಗಲು ಶಕ್ತಿ ಬೇಕು, ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚಾಗಬೇಕು. ನಾವು ತಿಂದ ಬೇಳೆಯ ಪ್ರೋಟೀನು ಹೊಟ್ಟೆಯಲ್ಲಿ ಜೀರ್ಣವಾಗಲು ಎಟಿಪಿ ಬೇಕಿಲ್ಲ. ಹಾಗಿರುವಾಗ ಕೋಶ ತನ್ನದೇ ಪ್ರೋಟೀನನ್ನು ಕೆಡವಲು ಕಾಸು ಖರ್ಚು ಮಾಡುವುದು ಏಕೆ?

ಇಸ್ರೇಲಿನ ಹೈಫಾದ ಟೆಕ್ನಿಯಾನ್‌ನಲ್ಲಿ ಅವ್ರಾಮ್ ಹೆರ್ಷ್ಕೊ ಮತ್ತು ಅವರ ವಿದ್ಯಾರ್ಥಿ ಆರನ್ ಸೀಕನೋವರ್ ಈ ಪ್ರಶ್ನೆಯನ್ನು ಹಿಡಿದು ಕುಳಿತರು. ಮೊಲದ ರಕ್ತದ ಎಳೆಯ ಕೆಂಪುಕೋಶಗಳ ರಸವನ್ನು ಎರಡು ಪಾಲು ಮಾಡಿದರು. ಬೇರೆ ಬೇರೆ ಇಟ್ಟರೆ ಎರಡೂ ನಿಷ್ಕ್ರಿಯ, ಕೂಡಿಸಿದರೆ ಪ್ರೋಟೀನು ಕರಗುತ್ತದೆ. ಮೊದಲ ಪಾಲಿನ ತುಂಬ ಹಿಮೋಗ್ಲೋಬಿನ್. ಅದರ ನಡುವೆ ಅಡಗಿರುವ ಅಂಶವನ್ನು ಬೇರ್ಪಡಿಸುವುದು ಹೇಗೆ? ಅವರು ಆ ಪಾಲನ್ನು ಕುದಿಸಿಬಿಟ್ಟರು! ಹಿಮೋಗ್ಲೋಬಿನ್ ಹೆಪ್ಪುಗಟ್ಟಿ ತಳ ಸೇರಿತು. ಮೇಲೆ ಉಳಿದ ತಿಳಿನೀರಿನಲ್ಲಿ ಕೆಲಸ ಮಾಡುವ ಅಂಶ ಹಾಗೇ ಇತ್ತು. ಪ್ರೋಟೀನು ಕುದಿಸಿದರೆ ಕೆಡುತ್ತದೆ ಎಂಬುದು ಪಾಠ. ಅದನ್ನು ಮೀರಿ ಕುದಿಸಿ ನೋಡುವ ಧೈರ್ಯ ನನಗೆ ಇಂದಿಗೂ ಮೆಚ್ಚುಗೆಯ ವಿಷಯ. ಫಿಲಡೆಲ್ಫಿಯಾದ ಇರ್ವಿನ್ ರೋಸ್ ಅವರ ಪ್ರಯೋಗಾಲಯದ ಜೊತೆ ಸೇರಿ 1980ರ ಹೊತ್ತಿಗೆ ಆ ಅಂಶ ಯಾವುದೆಂದು ತಿಳಿಯಿತು. ಅದೇ ಯುಬಿಕ್ವಿಟಿನ್, ಕೇವಲ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. 2004ರಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು.

ಕಡಿಯಬೇಕಾದ ಮರಕ್ಕೆ ಅರಣ್ಯ ಇಲಾಖೆಯವರು ಸುತ್ತಿಗೆಯಿಂದ ಮುದ್ರೆ ಹೊಡೆಯುವುದನ್ನು ಮಲೆನಾಡಿನವರು ನೋಡಿರುತ್ತೀರಿ. ಯುಬಿಕ್ವಿಟಿನ್ ಅಂಥ ಮುದ್ರೆ. ಅದನ್ನು ಹೊಡೆಸಿಕೊಂಡ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರದೊಳಗೆ ಹೋಗುತ್ತದೆ, ತುಣುಕುಗಳಾಗಿ ಹೊರಬರುತ್ತದೆ. ಎಟಿಪಿ ಖರ್ಚಾಗುವುದು ಇದಕ್ಕೆ: ಆಯ್ದು ಕೆಡವಲು. ಸಿಕ್ಕಿದ್ದನ್ನೆಲ್ಲ ಕೆಡವಲು ಶಕ್ತಿ ಬೇಕಿಲ್ಲ, ಆಯ್ಕೆಗೆ ಬೇಕು.

ಮುದ್ರೆ ಹೊಡೆಯುವ ಕೆಲಸ ಮೂರು ಹಂತದ್ದು. ಮೊದಲ ಹಂತದ ಕಿಣ್ವಗಳು ಮನುಷ್ಯರಲ್ಲಿ ಎರಡೇ. ಎರಡನೆಯ ಹಂತದವು ಸುಮಾರು 40. ಮೂರನೆಯ ಹಂತದವು, ಅಂದರೆ ಲೈಗೇಸ್‌ಗಳು, 600ಕ್ಕೂ ಹೆಚ್ಚು. ಯಾವ ಪ್ರೋಟೀನಿಗೆ ಮುದ್ರೆ ಬೀಳಬೇಕು ಎಂದು ಗುರುತಿಸುವವರು ಈ ಲೈಗೇಸ್‌ಗಳೇ ಆದ್ದರಿಂದ ಅವುಗಳ ಸಂಖ್ಯೆ ಅಷ್ಟು ದೊಡ್ಡದು. ಹೊಡೆದ ಮುದ್ರೆಯನ್ನು ಅಳಿಸಿ ಪ್ರೋಟೀನನ್ನು ಉಳಿಸುವ ಕಿಣ್ವಗಳೂ ಇವೆ, ಸುಮಾರು 100. ಮುದ್ರೆಯ ಅರ್ಥ ಯಾವಾಗಲೂ ಸಾವೇ ಆಗಿರಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಯುಬಿಕ್ವಿಟಿನ್‌ಗಳು ಒಂದಕ್ಕೊಂದು ಯಾವ ಜಾಗದಲ್ಲಿ ಕೊಂಡಿ ಹಾಕಿಕೊಂಡಿವೆ ಎಂಬುದರ ಮೇಲೆ ಸಂದೇಶ ಬದಲಾಗುತ್ತದೆ. 48ನೇ ಜಾಗದ ಕೊಂಡಿ ಪ್ರೋಟಿಯಾಸೋಮ್‌ಗೆ ಕಳಿಸುತ್ತದೆ, 63ನೇ ಜಾಗದ್ದು ಡಿಎನ್‌ಎ ದುರಸ್ತಿಯಂಥ ಬೇರೆ ಕೆಲಸಗಳಿಗೆ ಕರೆಯುತ್ತದೆ. ಇಂದಿನ ಮಾತಿಗೆ ಮೊದಲನೆಯದು ಸಾಕು.

ಈಗ ದೊಡ್ಡ ಕರುಳಿಗೆ ಬರೋಣ. ಇಡೀ ವಿಷಯದ ಹೃದಯ ಇಲ್ಲಿದೆ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಪದರದ ತುಂಬ ಸಣ್ಣ ಸಣ್ಣ ಕುಳಿಗಳಿವೆ. ಕುಳಿಯ ತಳದಲ್ಲಿ ಕಾಂಡಕೋಶಗಳು ವಿಭಜಿಸುತ್ತಿರುತ್ತವೆ. ಹುಟ್ಟಿದ ಕೋಶಗಳು ಮೇಲಕ್ಕೆ ಸರಿಯುತ್ತ ವಿಭಜನೆ ನಿಲ್ಲಿಸಿ, ತಮ್ಮ ಕೆಲಸ ಮಾಡಿ, ತುದಿ ತಲುಪಿ ಉದುರುತ್ತವೆ. ತಳದಲ್ಲಿ ವಿಭಜಿಸು, ಮೇಲೆ ನಿಲ್ಲಿಸು ಎಂಬ ಆಜ್ಞೆಯನ್ನು ಹೊತ್ತಿರುವ ಮುಖ್ಯ ಪ್ರೋಟೀನು ಬೀಟಾ-ಕೆಟೆನಿನ್. ಅದು ಕೋಶಕೇಂದ್ರದಲ್ಲಿ ಸೇರಿಕೊಂಡರೆ ವಿಭಜನೆ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಕುತೂಹಲದ ಸಂಗತಿಯೆಂದರೆ ಕೋಶ ಅದನ್ನು ಎಡೆಬಿಡದೆ ತಯಾರಿಸುತ್ತಲೇ ಇರುತ್ತದೆ. ತಯಾರಿಸಿದ ಕೆಲವೇ ನಿಮಿಷಗಳಲ್ಲಿ ಕೆಡವುತ್ತಲೂ ಇರುತ್ತದೆ. ತಳದಲ್ಲಿ ಡಬ್ಲ್ಯುಎನ್‌ಟಿ ಎಂಬ ಸಂಕೇತ ಬಂದಾಗ ಮಾತ್ರ ಕೆಡವುವುದು ನಿಲ್ಲುತ್ತದೆ.

ಕೆಡವುವುದಕ್ಕೆ ಒಂದು ತಂಡವಿದೆ. ಎಪಿಸಿ ಮತ್ತು ಆಕ್ಸಿನ್ ಎಂಬ ಎರಡು ದೊಡ್ಡ ಪ್ರೋಟೀನುಗಳು ಬೀಟಾ-ಕೆಟೆನಿನ್ ಅನ್ನು ಹಿಡಿದುಕೊಳ್ಳುತ್ತವೆ. ಎರಡು ಕೈನೇಸ್ ಕಿಣ್ವಗಳು ಅದರ ಮೇಲೆ ನಾಲ್ಕು ಜಾಗಗಳಲ್ಲಿ ಒಂದಾದ ಮೇಲೊಂದು ಫಾಸ್ಫೇಟ್ ಇಡುತ್ತವೆ. ಆ ಗುರುತನ್ನು ಕಂಡ ಲೈಗೇಸ್ ಬಂದು ಮುದ್ರೆ ಹೊಡೆಯುತ್ತದೆ. ನೋಡಿ, ಇಲ್ಲಿ ಕೊಲ್ಲುವ ಮುಖ್ಯ ಕೆಲಸ ಕಿಣ್ವಗಳದ್ದು, ಆದರೆ ಕಿಣ್ವವಲ್ಲದ ಎಪಿಸಿ ಇಲ್ಲದಿದ್ದರೆ ಕಿಣ್ವಗಳಿಗೆ ಬೇಟೆ ಸಿಗುವುದಿಲ್ಲ. ಕುಟುಂಬಗಳಲ್ಲಿ ಹರಿದುಬರುವ ಒಂದು ಕಾಯಿಲೆಯ ಬೆನ್ನು ಹತ್ತಿ 1991ರಲ್ಲಿ ಎಪಿಸಿ ವಂಶವಾಹಿಯನ್ನು ಪತ್ತೆ ಮಾಡಿದರು. ಆ ಕುಟುಂಬಗಳವರ ಕರುಳಿನಲ್ಲಿ ಹದಿಹರೆಯದಲ್ಲೇ ನೂರಾರು, ಕೆಲವೊಮ್ಮೆ ಸಾವಿರಾರು ಪುಟ್ಟ ಗಂಟುಗಳು, ಅಂದರೆ ಪಾಲಿಪ್‌ಗಳೇಳುತ್ತವೆ. ಶಸ್ತ್ರಚಿಕಿತ್ಸೆ ಮಾಡದಿದ್ದರೆ ಹೆಚ್ಚುಕಡಿಮೆ ಎಲ್ಲರಿಗೂ 40ರ ಆಸುಪಾಸಿನಲ್ಲಿ ಕ್ಯಾನ್ಸರ್. ಅಂಥ ಕುಟುಂಬದ ಹಿನ್ನೆಲೆಯಿಲ್ಲದೆ ಬರುವ ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲೂ ಸುಮಾರು ಶೇ 80ರಷ್ಟರಲ್ಲಿ ಎಪಿಸಿ ಕೆಟ್ಟಿರುತ್ತದೆ. ಅಂದರೆ ಜಗತ್ತಿನ ಅತಿ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಒಂದರ ಮೊದಲ ಹೆಜ್ಜೆಯೇ ಕೆಡವಬೇಕಾದದ್ದನ್ನು ಕೆಡವದೆ ಬಿಟ್ಟದ್ದು.

ಯಕೃತ್ತಿನಲ್ಲಿ ಇದೇ ಕಥೆ ಇನ್ನೊಂದು ತುದಿಯಿಂದ ನಡೆಯುತ್ತದೆ. ಅಲ್ಲಿ ಎಪಿಸಿ ಸಾಮಾನ್ಯವಾಗಿ ನೆಟ್ಟಗಿರುತ್ತದೆ. ಸುಮಾರು ಕಾಲು ಭಾಗದಷ್ಟು ಯಕೃತ್ಕೋಶ ಕ್ಯಾನ್ಸರ್‌ಗಳಲ್ಲಿ ಬೀಟಾ-ಕೆಟೆನಿನ್ ತಾನೇ ಬದಲಾಗಿರುತ್ತದೆ, ಅದೂ ಎಲ್ಲಿ? ಹೆಚ್ಚಾಗಿ ಆ ಫಾಸ್ಫೇಟ್ ಕೂರಬೇಕಾದ ಜಾಗಗಳ ಆಸುಪಾಸಿನಲ್ಲೇ. ಗುರುತು ಹಾಕಲು ಜಾಗವಿಲ್ಲದ ಮೇಲೆ ಲೈಗೇಸ್‌ಗೆ ಅದು ಕಾಣುವುದಿಲ್ಲ. ಅಂಗ ಬೇರೆ, ಕೆಟ್ಟ ವಂಶವಾಹಿ ಬೇರೆ, ಕೋಶದೊಳಗಿನ ಫಲ ಒಂದೇ: ಸಾಯದ ಬೀಟಾ-ಕೆಟೆನಿನ್.

ಹಾಗಾದರೆ ಔಷಧಿ ಮಾಡಬಾರದೇಕೆ ಎಂದು ಕೇಳುತ್ತೀರಿ. ಇಲ್ಲೇ ತೊಡಕು. ನಮ್ಮ ಔಷಧಿಗಳಲ್ಲಿ ಬಹುಪಾಲು ಕಿಣ್ವದ ಕೆಲಸವನ್ನು ತಡೆಯುವಂಥವು. ಕಿಣ್ವದಲ್ಲಿ ಒಂದು ಕುಳಿಯಿರುತ್ತದೆ, ಅಲ್ಲಿ ಹೋಗಿ ಕೂರುವ ಅಣುವನ್ನು ರಸಾಯನಜ್ಞರು ಹುಡುಕುತ್ತಾರೆ. ಕೆಲಸ ಅತಿಯಾಗಿರುವ ಕಿಣ್ವಕ್ಕೆ ಇದು ಸರಿ. ಇಲ್ಲದೇ ಹೋಗಿರುವ ಪ್ರೋಟೀನಿಗೆ ಯಾವ ಕುಳಿಯಲ್ಲಿ ಏನನ್ನು ಕೂರಿಸುವುದು? ದೊಡ್ಡ ಕರುಳಿನ ಸುಮಾರು ಹತ್ತರಲ್ಲೊಂದು ಕ್ಯಾನ್ಸರ್‌ನಲ್ಲಿ ಕೆಡುವ ಎಫ್‌ಬಿಎಕ್ಸ್‌ಡಬ್ಲ್ಯು7 ಎಂಬ ಲೈಗೇಸ್ ಭಾಗದ ಕಥೆಯೂ ಇದೇ. ಸೈಕ್ಲಿನ್-ಇ, ಮಿಕ್, ನಾಚ್‌ನಂಥ ವಿಭಜನೆಯ ಪ್ರೋಟೀನುಗಳನ್ನು ಕೊನೆಗಾಣಿಸುವುದು ಅದರ ಕೆಲಸ. ಅದು ಹೋದರೆ ಇವೆಲ್ಲ ಉಳಿಯುತ್ತವೆ. ಹೋದದ್ದನ್ನು ಮಾತ್ರೆಯಿಂದ ತರಲಾಗದು.

ಅಡ್ಡದಾರಿಗಳನ್ನು ಹುಡುಕಿದ್ದಾರೆ. ಟ್ಯಾಂಕಿರೇಸ್ ಎಂಬ ಕಿಣ್ವ ಆಕ್ಸಿನ್‌ಗೆ ಗುರುತು ಹಾಕಿ ಅದನ್ನು ಸಾವಿನತ್ತ ಕಳಿಸುತ್ತದೆ. ಅದನ್ನು ತಡೆದರೆ ಆಕ್ಸಿನ್ ಉಳಿಯುತ್ತದೆ, ಎಪಿಸಿ ಅರೆಬರೆ ಇದ್ದರೂ ಬೀಟಾ-ಕೆಟೆನಿನ್ ಕೆಡವುವ ಕೆಲಸ ಮತ್ತೆ ಶುರುವಾಗುತ್ತದೆ ಎಂದು 2009ರಲ್ಲಿ ತೋರಿಸಿದರು. ಪ್ರಯೋಗಾಲಯದ ಬಟ್ಟಲಿನಲ್ಲಿ ಚೆಂದದ ಫಲಿತಾಂಶ. ಇಲಿಗಳಿಗೆ ಕೊಟ್ಟಾಗ ಆರೋಗ್ಯವಂತ ಕರುಳೇ ಹಾಳಾಯಿತು. ಆಗಲೇ ಹೇಳಿದೆನಲ್ಲ, ಆ ಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗಬೇಕು, ಅದಕ್ಕೂ ಇದೇ ಬೀಟಾ-ಕೆಟೆನಿನ್ ಬೇಕು. ಈ ಕ್ಷೇತ್ರದ ನಿಜವಾದ ಗೋಡೆ ಇದು. ಕರುಳಿನ ಕ್ಯಾನ್ಸರ್ ಬಳಸುವ ಉಪಾಯವನ್ನೇ ಕರುಳೂ ದಿನನಿತ್ಯ ಬಳಸುತ್ತದೆ.

ಇದಕ್ಕೆ ತದ್ವಿರುದ್ಧವಾದ ಒಂದು ಗೆಲುವಿನ ಕಥೆ ಹೇಳಬೇಕು. ಜಠರದ ಮತ್ತು ಸಣ್ಣ ಕರುಳಿನ ಗೋಡೆಯಲ್ಲಿ ಹುಟ್ಟುವ ಜಿಸ್ಟ್ ಎಂಬ ಗಡ್ಡೆಯಿದೆ. ಒಳಪದರದ ಕ್ಯಾನ್ಸರ್ ಅಲ್ಲ ಇದು, ಗೋಡೆಯ ಸಂಯೋಜಕ ಅಂಗಾಂಶದ್ದು. 2000ಕ್ಕೆ ಮುಂಚೆ ಹರಡಿದ ಜಿಸ್ಟ್‌ಗೆ ಕಿಮೊಥೆರಪಿ ಹೆಚ್ಚುಕಡಿಮೆ ನಿಷ್ಪ್ರಯೋಜಕವಾಗಿತ್ತು. ಕಿಟ್ ಎಂಬ ಕೈನೇಸ್ ಕಿಣ್ವ ಸದಾ ಕೆಲಸ ಮಾಡುವಂತೆ ಬದಲಾಗಿರುವುದೇ ಈ ಗಡ್ಡೆಗೆ ಕಾರಣ ಎಂದು 1998ರಲ್ಲಿ ಜಪಾನಿನ ಹಿರೋಟಾ ಮತ್ತು ಸಂಗಡಿಗರು ತೋರಿಸಿದರು. ರಕ್ತದ ಕ್ಯಾನ್ಸರ್‌ಗೆಂದು ತಯಾರಾಗುತ್ತಿದ್ದ ಇಮ್ಯಾಟಿನಿಬ್ ಕಿಟ್ ಅನ್ನೂ ತಡೆಯುತ್ತದೆ ಎಂದು ಗೊತ್ತಿತ್ತು. 2000ದ ಮಾರ್ಚ್‌ನಲ್ಲಿ ಹೆಲ್ಸಿಂಕಿಯಲ್ಲಿ ಒಬ್ಬ ಜಿಸ್ಟ್ ರೋಗಿಗೆ ಮೊದಲ ಬಾರಿ ಅದನ್ನು ಕೊಟ್ಟರು. ಗಡ್ಡೆಗಳು ಕುಗ್ಗಿದವು. 2002ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಕಾರಣ ಗೊತ್ತಾದದ್ದರಿಂದ ಔಷಧಿ ರೋಗಿಯನ್ನು ತಲುಪುವವರೆಗೆ ನಾಲ್ಕು ವರ್ಷ! ಇದೇ ಇಮ್ಯಾಟಿನಿಬ್‌ನ ಪೇಟೆಂಟ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಕಂಪನಿಯ ವಾದವನ್ನು ತಳ್ಳಿಹಾಕಿತು ಎಂಬುದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಭಾರತದಲ್ಲಿ ಆ ಮಾತ್ರೆ ಅಗ್ಗದ ದರದಲ್ಲಿ ಸಿಗುವುದು ಮುಂದುವರಿದದ್ದು ಆ ತೀರ್ಪಿನಿಂದ. ನನ್ನ ಮಟ್ಟಿಗೆ ಔಷಧವಿಜ್ಞಾನದ ಇತಿಹಾಸದಲ್ಲಿ ಪ್ರಯೋಗಾಲಯಗಳ ಜೊತೆಗೆ ಆ ನ್ಯಾಯಾಲಯಕ್ಕೂ ಜಾಗವಿದೆ.

ಜಿಸ್ಟ್‌ನಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ, ಅದು ಸೂಚಕದ ಪಾಠ. ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ಕಿಟ್ ಇದೆಯೇ ಎಂದು ನೋಡುತ್ತಾರೆ. ಸುಮಾರು ಶೇ 95ರಷ್ಟು ಜಿಸ್ಟ್‌ಗಳಲ್ಲಿ ಇರುತ್ತದೆ. ಹಾಗಾಗಿ ಇದು ಜಿಸ್ಟೇ ಎಂದು ಗುರುತಿಸಲು ಆ ಬಣ್ಣ ಒಳ್ಳೆಯ ಸಾಧನ. ಔಷಧಿ ನಾಟುತ್ತದೆಯೇ ಎಂಬುದನ್ನು ಮಾತ್ರ ಬಣ್ಣದ ಗಾಢತೆ ಹೇಳುವುದಿಲ್ಲ. ಕಿಟ್ ವಂಶವಾಹಿಯಲ್ಲಿ ಪ್ರೋಟೀನಿನ ಬರಹ ಎಕ್ಸಾನ್ ಎಂಬ ತುಂಡುಗಳಲ್ಲಿರುತ್ತದೆ. ಅದರ 11ನೇ ಎಕ್ಸಾನ್‌ನಲ್ಲಿ ಬದಲಾವಣೆಯಿದ್ದರೆ ಇಮ್ಯಾಟಿನಿಬ್ ಚೆನ್ನಾಗಿ ಕೆಲಸ ಮಾಡುತ್ತದೆ. 9ನೇ ಎಕ್ಸಾನ್‌ನಲ್ಲಿದ್ದರೆ ಅಷ್ಟಾಗಿ ಇಲ್ಲ, ಹೆಚ್ಚಿನ ಪ್ರಮಾಣ ಬೇಕಾಗಬಹುದು. ಕಿಟ್‌ನ ಸಂಬಂಧಿ ಕಿಣ್ವವೊಂದರಲ್ಲಿ ಆಗುವ ಒಂದು ನಿರ್ದಿಷ್ಟ ಬದಲಾವಣೆಯಿದ್ದರೆ ಇಮ್ಯಾಟಿನಿಬ್ ನಾಟುವುದೇ ಇಲ್ಲ. ರೋಗವನ್ನು ಗುರುತಿಸುವ ಸೂಚಕ ಒಂದು, ಔಷಧಿಯನ್ನು ಆರಿಸುವ ಸೂಚಕ ಇನ್ನೊಂದು.

ಈ ವ್ಯತ್ಯಾಸವನ್ನು ಮರೆತ ಪ್ರಬಂಧಗಳು ರಾಶಿ ರಾಶಿ ಬರುತ್ತಿವೆ, ಅದರ ಬಗ್ಗೆ ಸ್ವಲ್ಪ ಕಟುವಾಗಿಯೇ ಮಾತಾಡುತ್ತೇನೆ. ಮುದ್ರೆ ಅಳಿಸುವ ಆ 100 ಕಿಣ್ವಗಳಲ್ಲಿ ಒಂದನ್ನು ಆರಿಸಿಕೊಳ್ಳಿ. ಜಠರದ ಗಡ್ಡೆಗಳ ಸ್ಲೈಡುಗಳಿಗೆ ಬಣ್ಣ ಹಾಕಿ. ಗಡ್ಡೆಯಲ್ಲಿ ಹೆಚ್ಚು, ಪಕ್ಕದ ಅಂಗಾಂಶದಲ್ಲಿ ಕಡಿಮೆ. ಹೆಚ್ಚಿರುವವರು ಬೇಗ ತೀರಿಕೊಂಡರು ಎಂದು ಒಂದು ಗೆರೆಚಿತ್ರ. ಬಟ್ಟಲಿನ ಕೋಶಗಳಲ್ಲಿ ಆ ಕಿಣ್ವವನ್ನು ತಗ್ಗಿಸಿದರೆ ಬೆಳವಣಿಗೆ ನಿಧಾನ. ಆದ್ದರಿಂದ ಇದು ಭರವಸೆಯ ಸೂಚಕವೂ ಹೌದು, ಔಷಧಿಯ ಗುರಿಯೂ ಹೌದು ಎಂಬ ಕೊನೆಯ ಸಾಲು. ಕಿಣ್ವದ ಹೆಸರು ಬದಲಿಸಿ, ಜಠರ ಅಳಿಸಿ ಮೇದೋಜ್ಜೀರಕ ಎಂದು ಬರೆಯಿರಿ, ಇನ್ನೊಂದು ಪ್ರಬಂಧ ಸಿದ್ಧ. ಹೆಚ್ಚು ಮತ್ತು ಕಡಿಮೆಯ ನಡುವಿನ ಗೆರೆಯನ್ನು ಫಲಿತಾಂಶ ನೋಡುವ ಮೊದಲು ಎಳೆದರೋ ನಂತರವೋ? ವೇಗವಾಗಿ ವಿಭಜಿಸುವ ಕೋಶದಲ್ಲಿ ನೂರೆಂಟು ಪ್ರೋಟೀನು ಹೆಚ್ಚಿರುತ್ತವೆ, ಇದು ಕಾರಣವೋ ಬರೀ ಜೊತೆಗಾರನೋ? ಬೇರೆ ಊರಿನ ಬೇರೆ ರೋಗಿಗಳಲ್ಲಿ ಅದೇ ಗೆರೆ ನಿಲ್ಲುತ್ತದೆಯೇ? ವಿದ್ಯಾರ್ಥಿಗಳು ಇಂಥ ಪ್ರಬಂಧ ಓದುವಾಗ ಈ ಪ್ರಶ್ನೆಗಳನ್ನು ಅಂಚಿನಲ್ಲಿ ಬರೆದುಕೊಳ್ಳಿ. ಬಹುಪಾಲು ಪ್ರಬಂಧಗಳು ಎರಡನೆಯ ಪ್ರಶ್ನೆಯಲ್ಲೇ ಎಡವುತ್ತವೆ.

ಹಾಗೆಂದು ಮುದ್ರೆಯ ಕಿಣ್ವಗಳೆಲ್ಲ ಪ್ರಬಂಧದ ಸರಕು ಮಾತ್ರವಲ್ಲ. ಆರ್‌ಎನ್‌ಎಫ್43 ಎಂಬ ಲೈಗೇಸ್ ನನಗೆ ವಿಶೇಷ ಆಸಕ್ತಿಯದು. ಡಬ್ಲ್ಯುಎನ್‌ಟಿ ಸಂಕೇತವನ್ನು ಹಿಡಿಯುವ ಗ್ರಾಹಕಗಳು ಕೋಶದ ಮೇಲ್ಮೈಯಲ್ಲಿರುತ್ತವೆ. ಅವು ಅತಿಯಾಗದಂತೆ ಮುದ್ರೆ ಹೊಡೆದು ಒಳಕ್ಕೆಳೆದು ಕೆಡವುವುದು ಇದರ ಕೆಲಸ ಎಂದು 2012ರಲ್ಲಿ ಗೊತ್ತಾಯಿತು. ದೊಡ್ಡ ಕರುಳಿನ ಕೆಲವು ಕ್ಯಾನ್ಸರ್‌ಗಳಲ್ಲಿ, ಮೇದೋಜ್ಜೀರಕ ಗ್ರಂಥಿಯ ಕೆಲವು ಬಗೆಯ ಗಡ್ಡೆಗಳಲ್ಲಿ ಇದು ಕೆಟ್ಟಿರುತ್ತದೆ. ಎಪಿಸಿ ಕೆಟ್ಟ ಕೋಶಕ್ಕೆ ಹೊರಗಿನ ಸಂಕೇತವೇ ಬೇಕಿಲ್ಲ. ಆರ್‌ಎನ್‌ಎಫ್43 ಕೆಟ್ಟ ಕೋಶಕ್ಕೆ ಬೇಕು, ಅದರ ಹಸಿವು ಹೆಚ್ಚಾಗಿದೆ ಅಷ್ಟೇ. ಹಾಗಾಗಿ ಸಂಕೇತ ಹೊರಬೀಳದಂತೆ ತಡೆಯುವ ಪಾರ್ಕ್ಯುಪೈನ್ ಕಿಣ್ವದ ತಡೆಗಾರಗಳು ಇಂಥ ಗಡ್ಡೆಗಳಲ್ಲಿ ಮಾತ್ರ ಕೆಲಸ ಮಾಡಬಹುದು ಎಂದು ತರ್ಕಿಸಿ ರೋಗಿಗಳಲ್ಲಿ ಪರೀಕ್ಷಿಸಿದರು. ಅಂಥ ಒಂದು ಔಷಧಿಯಲ್ಲಿ ಅತಿ ಹೆಚ್ಚು ಕಂಡ ಅಡ್ಡಪರಿಣಾಮ ಬಾಯಿರುಚಿ ಕೆಡುವುದು. ನಾಲಿಗೆಯ ರುಚಿಮೊಗ್ಗುಗಳೂ ಹೊಸದಾಗುತ್ತಲೇ ಇರಬೇಕಲ್ಲ! ಮಂಜೂರಾದ ಔಷಧಿ ಇನ್ನೂ ಇದರಿಂದ ಬಂದಿಲ್ಲ. ಆದರೆ ಕಳೆದುಹೋದ ಕಿಣ್ವವನ್ನು ಮರಳಿ ತರಲಾಗದಿದ್ದರೂ ಅದು ಕಳೆದುಹೋದ ಕಾರಣಕ್ಕೆ ಕೋಶ ಯಾವುದಕ್ಕೆ ಜೋತುಬಿದ್ದಿದೆ ಎಂದು ನೋಡಿ ಅಲ್ಲಿ ಹೊಡೆಯಬಹುದು ಎಂಬ ದಾರಿ ತೆರೆದದ್ದು ಇಂಥ ಕೆಲಸಗಳೇ.

ಆರ್‌ಎನ್‌ಎಫ್43 ಸೂಚಕವಾಗಿ ಇನ್ನೊಂದು ಅನಿರೀಕ್ಷಿತ ಜಾಗದಲ್ಲಿ ಬಂತು. ಅದಕ್ಕೆ ಬಿ-ರಾಫ್ ಕಥೆ ಹೇಳಬೇಕು. ಬಿ-ರಾಫ್ ಕೂಡ ಒಂದು ಕೈನೇಸ್. ವಿ600ಇ ಎಂಬ ಬದಲಾವಣೆಯಿಂದ ಅದು ಸದಾ ಚುರುಕಾಗಿರುತ್ತದೆ. ಚರ್ಮದ ಮೆಲನೋಮಾ ಕ್ಯಾನ್ಸರ್‌ನಲ್ಲಿ ಇದನ್ನು ತಡೆಯುವ ವೆಮುರಾಫೆನಿಬ್ 2011ರಲ್ಲಿ ಬಂತು, ಸುಮಾರು ಅರ್ಧದಷ್ಟು ರೋಗಿಗಳ ಗಡ್ಡೆ ಕುಗ್ಗಿತು. ಅದೇ ಬದಲಾವಣೆಯಿರುವ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಕೊಟ್ಟಾಗ ಬಹುತೇಕ ಏನೂ ಆಗಲಿಲ್ಲ. ಕಿಣ್ವ ಒಂದೇ, ಬದಲಾವಣೆ ಒಂದೇ, ಔಷಧಿ ಒಂದೇ! ಕಾರಣ 2012ರಲ್ಲಿ ತಿಳಿಯಿತು. ಕರುಳಿನ ಕೋಶದಲ್ಲಿ ಬಿ-ರಾಫ್ ಅನ್ನು ತಡೆದ ಕೂಡಲೇ ಮೇಲ್ಮೈಯ ಇಜಿಎಫ್‌ಆರ್ ಗ್ರಾಹಕ ಚುರುಕಾಗಿ ಬೇರೆ ದಾರಿಯಿಂದ ಅದೇ ಆಜ್ಞೆ ಕಳಿಸುತ್ತದೆ. ಮೆಲನೋಮಾ ಕೋಶದಲ್ಲಿ ಇಜಿಎಫ್‌ಆರ್ ತೀರಾ ಕಡಿಮೆ. ಎರಡನ್ನೂ ಒಟ್ಟಿಗೆ ತಡೆದರೆ ಫಲ ಸಿಗುತ್ತದೆ ಎಂದಾಯಿತು, 2020ರಲ್ಲಿ ಎನ್ಕೊರಾಫೆನಿಬ್ ಮತ್ತು ಸೆಟುಕ್ಸಿಮ್ಯಾಬ್ ಜೋಡಿ ಮಂಜೂರಾಯಿತು. ಈ ಜೋಡಿಯಂಥ ಚಿಕಿತ್ಸೆ ಪಡೆದವರಲ್ಲಿ ಯಾರಿಗೆ ಹೆಚ್ಚು ಲಾಭ ಎಂದು ನೋಡಿದಾಗ, 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಡಿಎನ್‌ಎ ದುರಸ್ತಿ ನೆಟ್ಟಗಿರುವ ಗಡ್ಡೆಗಳಲ್ಲಿ ಆರ್‌ಎನ್‌ಎಫ್43 ಕೆಟ್ಟಿದ್ದವರಿಗೆ. ಯಾವ ಔಷಧಿಯೂ ನೇರವಾಗಿ ಮುಟ್ಟದ ಲೈಗೇಸ್ ಹೀಗೆ ಬೇರೊಂದು ಕಿಣ್ವದ ಔಷಧಿಗೆ ಸೂಚಕವಾಯಿತು.

ಪ್ರೋಟಿಯಾಸೋಮ್ ಯಂತ್ರವನ್ನೇ ತಡೆದರೆ ಹೇಗೆ? ಆ ಕೆಲಸ ಮಾಡುವ ಬೋರ್ಟೆಜೊಮಿಬ್ 2003ರಲ್ಲಿ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್‌ಗೆ ಬಂತು, ಆ ಕಾಯಿಲೆಯ ಚಿತ್ರವನ್ನೇ ಬದಲಿಸಿತು. ಮೈಲೋಮಾ ಕೋಶ ಹಗಲಿರುಳೂ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅದರ ಕಸದ ಹೊರೆ ದೊಡ್ಡದು, ಕೆಡವುವ ಯಂತ್ರ ನಿಂತರೆ ಅದು ಮೊದಲು ಸಾಯುತ್ತದೆ. ದೊಡ್ಡ ಕರುಳು, ಜಠರದ ಕ್ಯಾನ್ಸರ್‌ಗಳಲ್ಲೂ ಪ್ರಯತ್ನಿಸಿದರು, ಫಲ ಸಿಗಲಿಲ್ಲ. ಎಲ್ಲ ಮುದ್ರೆಗಳಿಗೂ ಒಂದೇ ಬೀಗ ಹಾಕುವುದು ತೀರಾ ಒರಟು ಉಪಾಯ.

ನಯವಾದ ಉಪಾಯಗಳು ಈಗ ಬರುತ್ತಿವೆ. ಪಿ53 ಎಂಬ ಕಾವಲು ಪ್ರೋಟೀನನ್ನು ಕೆಡವುವ ಲೈಗೇಸ್ ಎಂಡಿಎಂ2. ಕೆಲವು ಪಿತ್ತನಾಳದ ಕ್ಯಾನ್ಸರ್‌ಗಳಲ್ಲಿ ಇದರ ವಂಶವಾಹಿಯ ಪ್ರತಿಗಳು ವಿಪರೀತ ಹೆಚ್ಚಿರುತ್ತವೆ, ಪಿ53 ನೆಟ್ಟಗಿರುತ್ತದೆ. ಅಲ್ಲಿ ಎಂಡಿಎಂ2 ಮತ್ತು ಪಿ53ರ ಹಿಡಿತ ಬಿಡಿಸಿದರೆ ಕಾವಲುಗಾರ ಮರಳುತ್ತಾನೆ. ಅಂಥ ಔಷಧಿಗಳು ರೋಗಿಗಳಲ್ಲಿ ಪರೀಕ್ಷೆಯ ಹಂತದಲ್ಲಿವೆ, ಪ್ಲೇಟ್‌ಲೆಟ್ ಕುಸಿಯುವುದು ಅವುಗಳ ತೊಂದರೆ. ಎಂಡಿಎಂ2 ಮೇಲಿನ ಮುದ್ರೆ ಅಳಿಸಿ ಅದನ್ನು ಉಳಿಸುವ ಯುಎಸ್‌ಪಿ7ಕ್ಕೆ ನಿಖರವಾದ ತಡೆಗಾರಗಳು 2017ರಲ್ಲಿ ಸಿಕ್ಕವು, ಆದರೆ ಔಷಧಿಯಾಗುವ ದಾರಿ ಉದ್ದವಿದೆ. ಇನ್ನೊಂದು ಉಪಾಯ ನನಗೆ ಇವೆಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಒಂದು ತುದಿಯಲ್ಲಿ ಲೈಗೇಸ್ ಅನ್ನು, ಇನ್ನೊಂದು ತುದಿಯಲ್ಲಿ ಬೇಡದ ಪ್ರೋಟೀನನ್ನು ಹಿಡಿಯುವ ಎರಡು ತಲೆಯ ಅಣು. ಲೈಗೇಸ್‌ಗೆ ಸಂಬಂಧವೇ ಇಲ್ಲದ ಪ್ರೋಟೀನನ್ನು ಅದರ ಮುಂದೆ ತಂದು ನಿಲ್ಲಿಸಿ ಮುದ್ರೆ ಹೊಡೆಸುವುದು. ಪ್ರೊಟ್ಯಾಕ್ ಎಂಬ ಈ ಕಲ್ಪನೆಯನ್ನು ಅಮೆರಿಕದ ಕ್ರೂಸ್ ಮತ್ತು ಡೆಶೈಸ್ ತಂಡಗಳು 2001ರಲ್ಲಿ ಮುಂದಿಟ್ಟವು. ಇಲ್ಲಿ ಕಿಣ್ವವನ್ನು ತಡೆಯುವುದಿಲ್ಲ, ದುಡಿಸಿಕೊಳ್ಳುತ್ತಾರೆ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಬದಲಾಗಿರುವ ಕೆ-ರಾಸ್ ಎಂಬ, ವಿಭಜನೆಗೆ ಆಜ್ಞೆ ಕೊಡುವ ಪ್ರೋಟೀನನ್ನು ಹೀಗೆ ಕೆಡವಿಸುವ ಅಣುಗಳು ಈಗಾಗಲೇ ರೋಗಿಗಳಲ್ಲಿ ಪರೀಕ್ಷೆಗೆ ಬಂದಿವೆ. ಅತಿ ಕಡಿಮೆ ಆಸೆಯಿರುವ ಕ್ಯಾನ್ಸರ್‌ನಲ್ಲಿ ನಾನು ಎಚ್ಚರಿಕೆಯಿಂದಲೇ ಆಸೆ ಇಟ್ಟುಕೊಂಡಿರುವುದು ಈ ದಾರಿಯ ಮೇಲೆ.

ಔಷಧಿಯ ಮಾತು ಮುಂದಿನ ವರ್ಷಗಳದ್ದಾಯಿತು. ಸೂಚಕದ ಮಾತು ಹಾಗಲ್ಲ. ಪ್ರೋಟೀನಿನ ಆಯುಸ್ಸನ್ನು ಓದುವ ಕೆಲಸ ನಮ್ಮ ಪೆಥಾಲಜಿ ಪ್ರಯೋಗಾಲಯಗಳಲ್ಲಿ ದಿನವೂ ನಡೆಯುತ್ತಿದೆ, ಓದುತ್ತಿರುವುದು ಅದನ್ನೇ ಎಂದು ನಾವು ಯೋಚಿಸುವುದಿಲ್ಲ ಅಷ್ಟೇ. ಅನ್ನನಾಳದ ಒಳಪದರ ಕರುಳಿನ ಪದರದಂತಾಗುವ ಬ್ಯಾರೆಟ್ ಎಂಬ ಬದಲಾವಣೆಯಲ್ಲಿ ಕ್ಯಾನ್ಸರ್‌ನತ್ತ ಹೊರಳುವ ಲಕ್ಷಣವಿದೆಯೇ ಎಂಬ ಸಂಶಯ ಬಂದಾಗ ಪಿ53ರ ಬಣ್ಣ ಹಾಕಿ ನೋಡುತ್ತಾರೆ. ನೆಟ್ಟಗಿರುವ ಪಿ53 ಹುಟ್ಟಿದ ಅರ್ಧ ಗಂಟೆಯೊಳಗೆ ಬಹುಪಾಲು ಕರಗಿಹೋಗುತ್ತದೆ, ಆದ್ದರಿಂದ ಸ್ಲೈಡಿನಲ್ಲಿ ಅಲ್ಲಲ್ಲಿ ತೆಳುವಾಗಿ ಮಾತ್ರ ಕಾಣುತ್ತದೆ. ಕೆಟ್ಟ ಪಿ53 ಕೆಡವಿಸಿಕೊಳ್ಳದೆ ಗುಡ್ಡೆಯಾಗುತ್ತದೆ, ಕೋಶಕೇಂದ್ರಗಳೆಲ್ಲ ಕಡುಕಂದು. ವಂಶವಾಹಿ ಪೂರ್ತಿ ಮುರಿದಿದ್ದರೆ ಒಂದು ಚುಕ್ಕೆಯೂ ಇಲ್ಲ. ಅಂದರೆ ವಿಪರೀತ ಕಂಡರೂ ಸಂಶಯ, ಏನೂ ಕಾಣದಿದ್ದರೂ ಸಂಶಯ. ಈ ಕ್ರಮ ತಿಳಿಯದೆ ಬಣ್ಣವಿಲ್ಲ, ಚಿಂತೆಯಿಲ್ಲ ಎಂದು ಬರೆದುಬಿಡುವ ಅಪಾಯವಿದೆ.

ಪ್ರಶ್ನೋತ್ತರದಲ್ಲಿ ಒಬ್ಬರು, ರಕ್ತದಲ್ಲಿ ಸಿಇಎ ಎಂಬ ಪ್ರೋಟೀನಿನ ಮಟ್ಟ ನೋಡಿಸಿದರೆ ಈ ಎಲ್ಲ ಕ್ಯಾನ್ಸರ್‌ಗಳು ಮೊದಲೇ ಗೊತ್ತಾಗುವುದಿಲ್ಲವೇ ಎಂದು ಕೇಳಿದರು. ಇಲ್ಲ. ಸಿಇಎ ಕಿಣ್ವವೂ ಅಲ್ಲ, ಆರಂಭದ ಕ್ಯಾನ್ಸರ್ ಹುಡುಕುವ ಪರೀಕ್ಷೆಯೂ ಅಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಅದು ತಾನಾಗಿಯೇ ಸ್ವಲ್ಪ ಹೆಚ್ಚಿರುತ್ತದೆ, ಚಿಕ್ಕ ಗಡ್ಡೆಯಿರುವ ಎಷ್ಟೋ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಕಾಯಿಲೆ ಮರುಕಳಿಸಿದೆಯೇ ಎಂದು ಕಾಲಕಾಲಕ್ಕೆ ನೋಡಲು ಅದು ಉಪಯುಕ್ತ. ಆರೋಗ್ಯವಾಗಿರುವವರು ಪ್ಯಾಕೇಜಿನಲ್ಲಿದೆ ಎಂದು ಅದನ್ನು ಮಾಡಿಸಿ ನಿದ್ದೆ ಕೆಡಿಸಿಕೊಳ್ಳುವುದನ್ನು ನೋಡಿದ್ದೇನೆ. ಮಲದಲ್ಲಿ ರಕ್ತ ಹೋಗುತ್ತಿದ್ದರೆ, ಕಾರಣವಿಲ್ಲದೆ ರಕ್ತಹೀನತೆ ಬಂದಿದ್ದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೊಸ್ಕೋಪಿಯ ಬದಲಿಗೆ ಸಿಇಎ ಮಾಡಿಸಿ ಸುಮ್ಮನಾಗಬೇಡಿ.

ಇನ್ನೊಬ್ಬ ಯುವತಿ ತಂದೆಯ ವರದಿಯನ್ನು ತಂದಿದ್ದರು. ದೊಡ್ಡ ಕರುಳಿನ ಕ್ಯಾನ್ಸರ್, ಎಂಎಲ್‌ಎಚ್1 ಮತ್ತು ಪಿಎಂಎಸ್2 ಎರಡೂ ಕಾಣೆಯಾಗಿವೆ, ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಇವೆ ಎಂದು ಅದರಲ್ಲಿತ್ತು. ಎರಡು ವಂಶವಾಹಿಗಳು ಕೆಟ್ಟಿವೆಯೇ, ನನಗೂ ಬರುತ್ತದೆಯೇ ಎಂಬುದು ಅವರ ಪ್ರಶ್ನೆ. ಬಹುಮಟ್ಟಿಗೆ ಕೆಟ್ಟಿರುವುದು ಒಂದೇ. ಈ ನಾಲ್ಕೂ ಡಿಎನ್‌ಎ ನಕಲಿನ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳು, ಜೋಡಿ ಜೋಡಿಯಾಗಿ ಇರುತ್ತವೆ. ಎಂಎಲ್‌ಎಚ್1 ಇಲ್ಲದೆ ಪಿಎಂಎಸ್2 ಸ್ಥಿರವಾಗಿ ನಿಲ್ಲಲಾರದು, ಜೊತೆಗಾರನಿಲ್ಲದ ಅದನ್ನು ಕೋಶ ಕೆಡವಿಬಿಡುತ್ತದೆ. ಪಿಎಂಎಸ್2 ಮಾತ್ರ ಕೆಟ್ಟಿದ್ದರೆ ಎಂಎಲ್‌ಎಚ್1 ಉಳಿಯುತ್ತದೆ, ಏಕೆಂದರೆ ಅದಕ್ಕೆ ಬೇರೆ ಜೊತೆಗಾರರೂ ಇದ್ದಾರೆ. ಬಣ್ಣದ ಗೈರುಹಾಜರಿಯಲ್ಲಿರುವ ಈ ಕ್ರಮವನ್ನು ನೋಡಿಯೇ ಯಾವ ವಂಶವಾಹಿಯನ್ನು ಮೊದಲು ಪರೀಕ್ಷಿಸಬೇಕೆಂದು ನಿರ್ಧರಿಸುತ್ತಾರೆ. ವರದಿಯನ್ನು ನಂಬುವ ಮೊದಲು ಒಂದು ವಿಷಯ ನೋಡಬೇಕು: ಅದೇ ಸ್ಲೈಡಿನಲ್ಲಿ ಗಡ್ಡೆಯ ನಡುವಿನ ಬಿಳಿರಕ್ತಕೋಶಗಳಿಗೆ ಬಣ್ಣ ಬಂದಿದೆಯೇ? ಅವಕ್ಕೂ ಬಂದಿಲ್ಲವಾದರೆ ಪ್ರೋಟೀನು ಇಲ್ಲವೆಂದಲ್ಲ, ಪರೀಕ್ಷೆಯೇ ಸರಿಯಾಗಿಲ್ಲ. ತುಣುಕನ್ನು ಫಾರ್ಮಲಿನ್‌ನಲ್ಲಿ ಸರಿಯಾಗಿ ಇಡದಿದ್ದರೆ ಹೀಗಾಗುವುದುಂಟು.

ಬಣ್ಣ ಸರಿಯಿದ್ದರೆ ಮುಂದಿನ ಹೆಜ್ಜೆ ಗಡ್ಡೆಯಲ್ಲಿ ಬಿ-ರಾಫ್ ವಿ600ಇ ಇದೆಯೇ, ಎಂಎಲ್‌ಎಚ್1 ವಂಶವಾಹಿಯ ಆರಂಭಭಾಗಕ್ಕೆ ಅದನ್ನು ಸುಮ್ಮನಾಗಿಸುವ ಮೀಥೈಲ್ ಬೀಗ ಬಿದ್ದಿದೆಯೇ ಎಂದು ನೋಡುವುದು. ಇದ್ದರೆ ಇದು ವಯಸ್ಸಿನೊಂದಿಗೆ ಗಡ್ಡೆಯಲ್ಲೇ ಆದ ಬದಲಾವಣೆ, ಮಕ್ಕಳಿಗೆ ಹರಿಯುವ ಸಾಧ್ಯತೆ ತೀರಾ ಕಡಿಮೆ. ಎರಡೂ ಇಲ್ಲದಿದ್ದರೆ ಲಿಂಚ್ ಸಿಂಡ್ರೋಮ್ ಎಂಬ, ಕುಟುಂಬದಲ್ಲಿ ಹರಿದುಬರುವ ಸ್ಥಿತಿ ಇರಬಹುದು, ಆಗ ತಂದೆಯವರ ರಕ್ತದಲ್ಲಿ ವಂಶವಾಹಿ ಪರೀಕ್ಷೆ. ಅಲ್ಲಿ ದೋಷ ಸಿಕ್ಕರೆ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಅದೇ ಒಂದು ದೋಷವನ್ನಷ್ಟೇ ನೋಡಿದರೆ ಸಾಕು. ತಲಾ ಅರ್ಧದಷ್ಟು ಸಾಧ್ಯತೆ. ಇದ್ದವರಿಗೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ, ಇಲ್ಲದವರಿಗೆ ಎಲ್ಲರಿಗೆ ಇರುವಷ್ಟೇ ಅಪಾಯ. ತಂದೆಯವರ ಚಿಕಿತ್ಸೆಯ ಮಟ್ಟಿಗೆ ಈ ವರದಿಯಿಂದ ಒಂದು ಅನುಕೂಲವೂ ಇದೆ. ಕಾಯಿಲೆ ಹರಡಿದ್ದರೆ ಇಂಥ ಗಡ್ಡೆಗಳಿಗೆ ಪೆಂಬ್ರೊಲಿಜುಮ್ಯಾಬ್‌ನಂಥ ರೋಗನಿರೋಧಕ ಚಿಕಿತ್ಸೆಯನ್ನು ಮೊದಲ ಆಯ್ಕೆಯಾಗಿ ಕೊಡಲು 2020ರಿಂದ ಮಂಜೂರಾತಿಯಿದೆ. ಆ ಪುಟವನ್ನು ಕಡತದ ಮೇಲ್ಗಡೆ ಇಟ್ಟುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ಮೊದಲು ಅದನ್ನೇ ತೋರಿಸಿ ಎಂದು ಹೇಳಿದೆ.